ಹಳೆಯ ಛಾವಣಿಯ ಸ್ಲೇಟನ್ನು ತೋಟದ ಪಾತಿಯ ಅಳತೆಗೆ ಕತ್ತರಿಸುವುದು ಹೇಗೆ?

ಬ್ರಿಟನ್ನಿನ ಹಳೆಯ ಬೀದಿಗಳಲ್ಲಿ ಮನೆ ಮಾಡಿಕೊಂಡಿರುವ ನಮ್ಮವರಲ್ಲಿ ಅನೇಕರಿಗೆ ಒಮ್ಮೆಯಾದರೂ ಈ ಅನುಭವ ಆಗಿರುತ್ತದೆ: ಛಾವಣಿಯ ದುರಸ್ತಿ ಮುಗಿದು, ಕೆಲಸದವರು ಸಾರುವೆ ಬಿಚ್ಚಿಕೊಂಡು ಹೋದ ಮೇಲೆ, ಹಿತ್ತಿಲ ಗೋಡೆಗೆ ಒರಗಿಸಿಟ್ಟ ಹತ್ತಿಪ್ಪತ್ತು ಹಳೆಯ ಸ್ಲೇಟುಗಳು ಉಳಿದುಬಿಡುತ್ತವೆ. ಎಸೆಯಲು ಮನಸ್ಸು ಬರುವುದಿಲ್ಲ, ಇಟ್ಟುಕೊಂಡರೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಕೊತ್ತಂಬರಿ, ಮೆಂತ್ಯ, ಪುದೀನ ಬೆಳೆಯುವ ಒಂದು ಸಣ್ಣ ಪಾತಿಗೆ ಸುತ್ತಲೂ ಅಂಚು ಕಟ್ಟಲು ಇದಕ್ಕಿಂತ ಒಳ್ಳೆಯ ವಸ್ತು ಇನ್ನೊಂದಿಲ್ಲ ಎಂಬುದು ನನ್ನ ಅನುಭವ. ಮರದ ಹಲಗೆಯಂತೆ ಅದು ಕೊಳೆಯುವುದಿಲ್ಲ, ಒಳ್ಳೆಯ ಸ್ಲೇಟು ಹಿಮಕ್ಕೂ ಒಡೆಯುವುದಿಲ್ಲ. ಅದನ್ನು ಅಳತೆಗೆ ಕತ್ತರಿಸುವುದನ್ನು ಕಲಿತರೆ ಸಾಕು. ಅದಕ್ಕೆ ವಿದ್ಯುತ್ ಯಂತ್ರ ಬೇಕಾಗಿಲ್ಲ, ಕೈಕೆಲಸವೇ ಹೆಚ್ಚು ಚೊಕ್ಕಟ, ಹೆಚ್ಚು ಕ್ಷೇಮ ಎಂಬುದನ್ನು ಮನದಟ್ಟು ಮಾಡಿಕೊಡುವುದೇ ಈ ಲೇಖನದ ಉದ್ದೇಶ.

ಈ ಕಲ್ಲು ನಮಗೆ ಅಪರಿಚಿತವೇನಲ್ಲ. ಮರದ ಚೌಕಟ್ಟು ಕೂರಿಸಿದ, ಬಳಪದಿಂದ ಅಕ್ಷರ ತಿದ್ದುತ್ತಿದ್ದ ಶಾಲೆಯ ಸ್ಲೇಟು, ಉತ್ತರ ಕರ್ನಾಟಕದವರ ಪಾಟಿ, ಇದೇ ಜಾತಿಯ ಕಲ್ಲು. ಆ ಸ್ಲೇಟುಗಳಿಗೆ ಆಂಧ್ರಪ್ರದೇಶದ ಮಾರ್ಕಾಪುರ ಹೆಸರಾಗಿದ್ದಂತೆ, ಛಾವಣಿಯ ಸ್ಲೇಟಿಗೆ ವೇಲ್ಸ್‌ನ ವಾಯವ್ಯ ಭಾಗ ಹೆಸರುವಾಸಿಯಾಗಿದೆ. ಅಲ್ಲಿನ ಸ್ಲೇಟು ಗಣಿಗಳ ಭೂಪ್ರದೇಶವನ್ನು 2021ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬೆಥೆಸ್ಡಾ ಊರಿನ ಪಕ್ಕದ ಪೆನ್ರಿನ್ ಗಣಿಯ ನೇರಳೆ ಛಾಯೆಯ ಕಲ್ಲು ಸುಮಾರು 50 ಕೋಟಿ ವರ್ಷಗಳಷ್ಟು ಹಳೆಯದು. ಸಮುದ್ರದ ತಳದ ಕೆಸರು ಗಟ್ಟಿಯಾಗಿ, ಆಮೇಲೆ ಭೂಮಿಯ ಒತ್ತಡಕ್ಕೆ ಸಿಕ್ಕಿ, ಅದರೊಳಗಿನ ಅಭ್ರಕದಂಥ ಚಪ್ಪಟೆ ಕಣಗಳೆಲ್ಲ ಒಂದೇ ದಿಕ್ಕಿಗೆ ಮಲಗಿದ್ದರಿಂದ ಈ ಕಲ್ಲು ಪುಸ್ತಕದ ಹಾಳೆಗಳಂತೆ ಪದರ ಪದರವಾಗಿ ಸೀಳುತ್ತದೆ. ಸೀಳುವುದು ಸುಲಭ, ಅಡ್ಡಕ್ಕೆ ಕತ್ತರಿಸುವುದು ಕಷ್ಟ. ಮುಂದೆ ಹೇಳುವ ಪ್ರತಿಯೊಂದು ಎಚ್ಚರಿಕೆಯೂ ಈ ಒಂದು ಗುಣದಿಂದಲೇ ಹುಟ್ಟಿದ್ದು.

ಕೈಹಾಕುವ ಮುನ್ನ: ಇದು ನಿಜಕ್ಕೂ ಕಲ್ಲೇ?

ಮೊದಲು ಮಾಡಬೇಕಾದ ಪರೀಕ್ಷೆ ಇದು, ಇದರಲ್ಲಿ ಅವಸರ ಕೂಡದು. ಛಾವಣಿಯ ಮೇಲೆ ಸ್ಲೇಟಿನಂತೆ ಕಾಣುವುದೆಲ್ಲ ಕಲ್ಲಲ್ಲ, ಸಿಮೆಂಟಿಗೆ ನಾರು ಬೆರೆಸಿ ಅಚ್ಚೊತ್ತಿದ ಕೃತಕ ಸ್ಲೇಟುಗಳೂ ಬಹಳ ಬಳಕೆಯಲ್ಲಿವೆ. ಬ್ರಿಟನ್ನಿನಲ್ಲಿ ಕಲ್ನಾರಿನ, ಅಂದರೆ ಆಸ್‌ಬೆಸ್ಟಾಸ್‌ನ, ಬಳಕೆಗೆ ಪೂರ್ತಿ ನಿಷೇಧ ಬಂದದ್ದು 1999ರಲ್ಲಿ. ಅದಕ್ಕಿಂತ ಮೊದಲು ತಯಾರಾದ ಕೃತಕ ಸ್ಲೇಟಿನಲ್ಲಿ ಕಲ್ನಾರು ಇರುವ ಸಾಧ್ಯತೆಯಿದೆ, ಅದನ್ನು ಕತ್ತರಿಸಿದರೆ ನಾರಿನ ಸೂಕ್ಷ್ಮ ಎಳೆಗಳು ಗಾಳಿಗೆ ಸೇರಿ ಶ್ವಾಸಕೋಶವನ್ನು ಹೊಗುತ್ತವೆ. ನಿಜವಾದ ಕಲ್ಲಿನ ಎರಡು ಸ್ಲೇಟುಗಳು ಎಂದಿಗೂ ತದ್ರೂಪವಾಗಿರುವುದಿಲ್ಲ. ದಪ್ಪದಲ್ಲಿ ಸಣ್ಣ ಏರಿಳಿತವಿರುತ್ತದೆ, ಒಡೆದ ಅಂಚಿನಲ್ಲಿ ಪದರಗಳು ಕಣ್ಣಿಗೆ ಕಾಣುತ್ತವೆ. ಕೃತಕವಾದದ್ದು ಎಲ್ಲ ಕಡೆಯೂ ಒಂದೇ ದಪ್ಪವಾಗಿರುತ್ತದೆ, ಮೇಲ್ಮೈಗೆ ಬಣ್ಣ ಬಳಿದಂತಿರುತ್ತದೆ, ಒಡೆದ ಕಡೆ ಪದರದ ಬದಲು ಬೂದು ಸಿಮೆಂಟು ಕಾಣುತ್ತದೆ. ಪರೀಕ್ಷೆಗೆಂದು ಹೊಸದಾಗಿ ಒಡೆಯಬೇಡಿ, ಈಗಾಗಲೇ ಮುರಿದಿರುವ ಅಂಚನ್ನಷ್ಟೇ ನೋಡಿ. ಸಂಶಯ ಉಳಿದರೆ ಅದನ್ನು ಕತ್ತರಿಸಲೇಬಾರದು, ಸ್ಥಳೀಯ ಆಡಳಿತದವರನ್ನು ಕೇಳಿ ವಿಲೇವಾರಿ ಮಾಡಬೇಕು.

ಕಲ್ಲೆಂದು ಖಚಿತವಾದ ಮೇಲೆ ಗಟ್ಟಿತನದ ಪರೀಕ್ಷೆ. ಸಂತೆಯಲ್ಲಿ ಮಡಕೆ ಕೊಳ್ಳುವಾಗ ನಮ್ಮ ಅಜ್ಜಿಯರು ಮಾಡುತ್ತಿದ್ದಂತೆಯೇ, ಸ್ಲೇಟನ್ನು ಎರಡು ಬೆರಳಲ್ಲಿ ಜೋಲುಬಿಟ್ಟು ಹಿಡಿದು ಇನ್ನೊಂದು ಕೈಯ ಬೆರಳ ಗೆಣ್ಣಿನಿಂದ ತಟ್ಟಿ. ಟಣ್ ಎಂದು ನಾದ ಬಂದರೆ ಕಲ್ಲು ಗಟ್ಟಿ, ಬೊದ್ದು ಸದ್ದು ಬಂದರೆ ಒಳಗೆಲ್ಲೋ ಬಿರುಕಿದೆ ಅಥವಾ ಪದರ ಬಿಟ್ಟುಕೊಂಡಿದೆ ಎಂದರ್ಥ. ಅಂಚನ್ನು ಉಗುರಿನಿಂದ ಕೆರೆದಾಗ ಹಪ್ಪಳದಂತೆ ಚಕ್ಕೆ ಏಳುವ ಸ್ಲೇಟನ್ನೂ ಬದಿಗಿಡಿ. ಇನ್ನೂ ಅನುಮಾನವಿದ್ದರೆ ಬಕೆಟ್ಟಿನಲ್ಲಿ ಅರ್ಧ ಮುಳುಗುವಷ್ಟು ನೀರು ಹಾಕಿ ಒಂದು ರಾತ್ರಿ ನಿಲ್ಲಿಸಿ. ಒಳ್ಳೆಯ ಸ್ಲೇಟಿನಲ್ಲಿ ತೇವ ನೀರಿನ ಮಟ್ಟದಿಂದ ಮೇಲಕ್ಕೆ ಏರುವುದಿಲ್ಲವೆಂದೇ ಹೇಳಬಹುದು, ಕೆಟ್ಟ ಸ್ಲೇಟು ಬತ್ತಿಯಂತೆ ನೀರನ್ನು ಮೇಲಕ್ಕೆಳೆದುಕೊಳ್ಳುತ್ತದೆ, ಹಾಗೆ ನೀರು ಕುಡಿದ ಕಲ್ಲು ಹಿಮಕ್ಕೆ ಒಡೆಯುತ್ತದೆ.

ಅಳತೆ ಮತ್ತು ಲೆಕ್ಕ

ಹಳೆಯ ಕಾಲದ ಸ್ಲೇಟುಗಳಿಗೆ ಅಳತೆಗೊಂದು ಹೆಸರಿತ್ತು, ಅದೂ ಶ್ರೀಮಂತ ಮನೆತನದ ಹೆಂಗಸರ ಬಿರುದುಗಳು: 24 ಅಂಗುಲ ಉದ್ದ 12 ಅಂಗುಲ ಅಗಲದ್ದು ಡಚೆಸ್, 20ಕ್ಕೆ 10ರದ್ದು ಕೌಂಟೆಸ್, 16ಕ್ಕೆ 8ರದ್ದು ಲೇಡಿ. ನಮ್ಮ ಉದಾಹರಣೆಗೆ ಕೌಂಟೆಸ್ ಅನ್ನೇ ತೆಗೆದುಕೊಳ್ಳೋಣ. ಅದು ಸುಮಾರು 500 ಮಿ.ಮೀ. ಉದ್ದ, 250 ಮಿ.ಮೀ. ಅಗಲವಿರುತ್ತದೆ, ದಪ್ಪ 5 ಮಿ.ಮೀ. ಇದ್ದರೆ ತೂಕ ಒಂದೂಮುಕ್ಕಾಲು ಕಿಲೋದಷ್ಟು ಬರುತ್ತದೆ.

ಪಾತಿ 1.2 ಮೀಟರ್ ಉದ್ದ, 0.6 ಮೀಟರ್ ಅಗಲ ಎಂದುಕೊಂಡರೆ ಸುತ್ತಳತೆ 3.6 ಮೀಟರ್. ಪ್ರತಿ ಸ್ಲೇಟನ್ನು ಅಡ್ಡಕ್ಕೆ ಎರಡಾಗಿ ಕತ್ತರಿಸಿದರೆ 250 ಮಿ.ಮೀ. ಚೌಕದ ಎರಡು ತುಂಡು ಸಿಗುತ್ತವೆ. ಒಂದರ ಅಂಚು ಇನ್ನೊಂದರ ಮೇಲೆ 25 ಮಿ.ಮೀ. ಹಾಯುವಂತೆ ನಿಲ್ಲಿಸಿದರೆ ಒಂದೊಂದು ತುಂಡೂ 225 ಮಿ.ಮೀ. ಜಾಗವನ್ನು ಮುಚ್ಚುತ್ತದೆ, ಹಾಗಾಗಿ 16 ತುಂಡು, ಅಂದರೆ 8 ಸ್ಲೇಟು ಸಾಕು. ಕೈ ಪಳಗಲು ಎರಡು, ಅಚಾತುರ್ಯಕ್ಕೆ ಎರಡು ಹೆಚ್ಚುವರಿಯಾಗಿ ಇಟ್ಟುಕೊಂಡರೆ ಹನ್ನೆರಡಾಯಿತು.

ಇಲ್ಲೊಂದು ಅನುಕೂಲವಿದೆ. ಛಾವಣಿಗೆ ಬಡಿದಾಗ ಸ್ಲೇಟಿನ ಮೊಳೆತೂತುಗಳು ಹೆಚ್ಚಾಗಿ ನಡುಮಧ್ಯಕ್ಕಿಂತ ತುಸು ಮೇಲಿರುತ್ತವೆ. ಕೌಂಟೆಸ್ ಸ್ಲೇಟಿನಲ್ಲಿ ಕೆಳತುದಿಯಿಂದ ಸುಮಾರು 300 ಮಿ.ಮೀ. ದೂರದಲ್ಲಿ. ನಡುವೆ ಕತ್ತರಿಸಿದಾಗ ಆ ತೂತುಗಳು ಮೇಲಿನ ತುಂಡಿನಲ್ಲಿ, ಕತ್ತರಿಸಿದ ಅಂಚಿನಿಂದ ಸುಮಾರು 50 ಮಿ.ಮೀ. ಒಳಗೆ ಉಳಿಯುತ್ತವೆ. ಆ ತುಂಡನ್ನು ಕತ್ತರಿಸಿದ ಅಂಚು ಕೆಳಗೆ ಬರುವಂತೆ ಮಣ್ಣಿನಲ್ಲಿ ಹೂತರೆ ತೂತೂ ಮರೆಯಾಗುತ್ತದೆ, ಹೊಸಬರ ಕೈಯ ಅಂಕುಡೊಂಕು ಅಂಚೂ ಮರೆಯಾಗುತ್ತದೆ. ಕೆಳಗಿನ ತುಂಡನ್ನೂ ಹಾಗೆಯೇ ನಿಲ್ಲಿಸಿದರೆ, ನೂರು ವರ್ಷದ ಹಿಂದೆ ಗಣಿಯ ಕೆಲಸಗಾರ ಕಡಿದ ನೇರ ಅಂಚೇ ಎಲ್ಲ ಕಡೆಯೂ ಮೇಲಕ್ಕೆ ಕಾಣುತ್ತದೆ. ಮೊಳೆತೂತು ತೀರ ಮೇಲಂಚಿನಲ್ಲಿರುವ ಸ್ಲೇಟುಗಳೂ ಸಿಗಬಹುದು. ಅವುಗಳ ಮೇಲಿನ ತುಂಡನ್ನು ಮಾತ್ರ ತಿರುಗಿಸಿ ನಿಲ್ಲಿಸಬೇಕಾಗುತ್ತದೆ, ಅದಕ್ಕಾಗಿ ಅವನ್ನು ಕೊನೆಗೆ, ಕೈ ಪಳಗಿದ ಮೇಲೆ ಕತ್ತರಿಸಿ.

ಯಂತ್ರವೇಕೆ ಬೇಡ

ಕಟಿಂಗ್ ಮಷಿನ್, ಅಂದರೆ ಆಂಗಲ್ ಗ್ರೈಂಡರ್, ಇದ್ದವರಿಗೆ ಮೊದಲು ಅದನ್ನೇ ಎತ್ತಿಕೊಳ್ಳಬೇಕೆನಿಸುವುದು ಸಹಜ. ನಾನೂ ಮೊದಲ ವರ್ಷ ಹಾಗೆಯೇ ಮಾಡಿದೆ. ನಾಲ್ಕು ಸ್ಲೇಟು ಕತ್ತರಿಸುವಷ್ಟರಲ್ಲಿ ಪುದೀನ ಎಲೆಗಳ ಮೇಲೆ, ಅಡುಗೆಮನೆಯ ಕಿಟಕಿಯ ಮೇಲೆ, ಪಕ್ಕದ ಮನೆಯವರು ಒಣಹಾಕಿದ್ದ ಬಟ್ಟೆಗಳ ಮೇಲೆ ಬೂದು ಹುಡಿ ಕೂತಿತ್ತು. ನೀರು ಚಿಮುಕಿಸಿ ತೊಳೆದೆ, ಒಣಗಿದ ಮೇಲೆ ನೋಡಿದರೆ ಎಲೆಯ ಮೇಲೆ ಅದೇ ಪೊರೆ. ಆ ಹುಡಿ ಬರಿಯ ಧೂಳಲ್ಲ. ಸ್ಲೇಟಿನಲ್ಲಿ ಸಿಲಿಕಾದ ಅಂಶ ಶೇ. 40ರವರೆಗೂ ಇರಬಹುದೆಂದು ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಇಲಾಖೆ ಹೇಳುತ್ತದೆ. ಅದರ ಅತಿ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕಿಳಿದು ಅಲ್ಲೇ ಗಾಯದ ಗಂಟುಗಳಾಗುತ್ತವೆ, ಆ ರೋಗದ ಹೆಸರು ಸಿಲಿಕೋಸಿಸ್, ಅದನ್ನು ಗುಣಪಡಿಸುವ ಮದ್ದಿಲ್ಲ. ಮಧ್ಯಪ್ರದೇಶದ ಮಂದಸೌರ್‌ನಲ್ಲಿ ಶಾಲೆಯ ಮಕ್ಕಳಿಗಾಗಿ ಬಳಪ ಕೊಯ್ಯುತ್ತಿದ್ದ ಕಾರ್ಮಿಕರು ಇದೇ ರೋಗಕ್ಕೆ ಎಳೆಯ ವಯಸ್ಸಿನಲ್ಲೇ ಬಲಿಯಾದರು. ಅವರು ವರ್ಷಗಟ್ಟಲೆ ಆ ಹುಡಿಯಲ್ಲಿ ಉಸಿರಾಡಿದವರು, ನಾವು ಒಂದು ಮಧ್ಯಾಹ್ನ ಮಾಡುವವರು ಎಂಬುದು ನಿಜ. ಆದರೂ ಹುಡಿಯೇ ಏಳದ ದಾರಿಯೊಂದು ಇರುವಾಗ ಆ ಹುಡಿಯನ್ನು ನೆರೆಮನೆಯ ಮಗುವಿಗೂ ಹಂಚುವುದು ಸರಿಯಲ್ಲ ಎಂದು ನಾನು ಮನಸಾರೆ ನಂಬುತ್ತೇನೆ.

ಯಂತ್ರ ಬಳಸಲೇಬೇಕಾದ ಸಂದರ್ಭ ಬಂದರೆ, ನೀರಿನ ತೊಟ್ಟಿಯಿರುವ ಟೈಲ್ಸ್ ಕಟರ್ ಬಾಡಿಗೆಗೆ ತನ್ನಿ, ವಜ್ರದ ಹರಳು ಕೂರಿಸಿದ ಬ್ಲೇಡು ಹಾಕಿ, ಸೂಕ್ಷ್ಮ ಹುಡಿಯನ್ನೂ ತಡೆಯುವ ಎಫ್‌ಎಫ್‌ಪಿ3 ದರ್ಜೆಯ ಮಾಸ್ಕು ಧರಿಸಿ. ಸಾಮಾನ್ಯ ಗ್ರೈಂಡರಿನ ಮೇಲೆ ನೀರು ಸುರಿಯುವ ಪ್ರಯೋಗಕ್ಕೆ ಮಾತ್ರ ಹೋಗಬೇಡಿ, ಅದು ವಿದ್ಯುತ್ ಆಘಾತಕ್ಕೆ ದಾರಿ.

ಬೇಕಾದ ಸಾಮಾನು

ಛಾವಣಿ ಕೆಲಸದವರ ಹಳೆಯ ಸಾಧನ ಎರಡೇ. ಒಂದು, ಮಚ್ಚಿನ ಆಕಾರದ, ಬೆನ್ನಿನಲ್ಲಿ ಮೊಳೆಯಂಥ ಮೊನೆಯಿರುವ ಸ್ಲೇಟುಗತ್ತಿ. ಇನ್ನೊಂದು, ಮರದ ದಿಮ್ಮಿಗೆ ಬಡಿದು ನಿಲ್ಲಿಸುವ ನೇರ ಅಂಚಿನ ಕಬ್ಬಿಣದ ಪಟ್ಟಿ. ಈ ಪಟ್ಟಿಯ ಬದಲು ಅರ್ಧ ಮೀಟರ್ ಉದ್ದದ ಕಬ್ಬಿಣದ ಆಂಗಲನ್ನು ದಪ್ಪ ಮರದ ತುಂಡಿನ ಅಂಚಿಗೆ ಸ್ಕ್ರೂ ಹಾಕಿ ಕೂರಿಸಿಕೊಳ್ಳಬಹುದು. ಹೊಸಬರಿಗೆ ಇನ್ನೂ ಸುಲಭವಾದದ್ದು ಕೈಯಲ್ಲಿ ಹಿಡಿಯುವ ಸ್ಲೇಟ್ ಕಟರ್. ಅದು ದೊಡ್ಡ ಇಕ್ಕುಳದಂತಿದ್ದು, ಕತ್ತರಿಯಂತೆ ಸ್ವಲ್ಪ ಸ್ವಲ್ಪವೇ ಕಚ್ಚುತ್ತ ಸಾಗುತ್ತದೆ, ಅನೇಕ ಮಾದರಿಗಳಲ್ಲಿ ತೂತು ಹೊಡೆಯಲು ಒಂದು ಮೊನೆಯೂ ಇರುತ್ತದೆ. ಇದಲ್ಲದೆ ಟೇಪು, ಮೂಲೆಮಟ್ಟ, ಕಾಂಕ್ರೀಟ್ ಮೊಳೆ, ಒರಟು ಸಾಣೆಕಲ್ಲು, ದಪ್ಪ ಕೈಗವಸು ಬೇಕು. ಕಣ್ಣಿಗೆ ಕನ್ನಡಕ ಕಡ್ಡಾಯ, ಏಕೆಂದರೆ ಸ್ಲೇಟಿನ ಚಕ್ಕೆ ಗಾಜಿನ ಚೂರಿನಷ್ಟೇ ಹರಿತವಾಗಿ ಹಾರುತ್ತದೆ.

ಗೆರೆ, ಮುಖ ಮತ್ತು ಬೆನ್ನು

ಛಾವಣಿಯಲ್ಲಿದ್ದಾಗ ಆಕಾಶಕ್ಕೆ ತೆರೆದಿದ್ದ ಬದಿಯನ್ನು ಮುಖವೆಂದೂ, ಒಳಗೆ ತಿರುಗಿದ್ದ ಬದಿಯನ್ನು ಬೆನ್ನೆಂದೂ ಕರೆಯೋಣ. ಮುಖದ ಅಂಚುಗಳು ಚಕ್ಕೆ ಎದ್ದು ಓರೆಯಾಗಿರುತ್ತವೆ, ಬೆನ್ನಿನ ಅಂಚು ಚಾಕುವಿನಿಂದ ಕೊಯ್ದಂತೆ ಚೂಪಾಗಿರುತ್ತದೆ. ಇದರ ಕಾರಣ ತಿಳಿದರೆ ಕೆಲಸದ ಅರ್ಧ ಗುಟ್ಟು ತಿಳಿದಂತೆ. ಸ್ಲೇಟಿಗೆ ಯಾವ ಬದಿಯಿಂದ ಏಟು ಬೀಳುತ್ತದೋ ಆ ಬದಿ ಚೊಕ್ಕಟವಾಗಿ ತುಂಡಾಗುತ್ತದೆ, ಏಟು ಹೊರಬೀಳುವ ಎದುರು ಬದಿಯಲ್ಲಿ ಪದರಗಳು ಬಿಚ್ಚಿ ಚಕ್ಕೆ ಹಾರುತ್ತದೆ. ಆದ್ದರಿಂದ ನಾವೂ ಹಳಬರಂತೆ ಮುಖ ಕೆಳಗೆ ಮಾಡಿ, ಬೆನ್ನಿನ ಮೇಲೆ ಗೆರೆ ಎಳೆದು, ಬೆನ್ನಿನ ಕಡೆಯಿಂದಲೇ ಕಡಿಯಬೇಕು. ಆಗ ಹೊಸ ಅಂಚಿನ ಓರೆಯೂ ಹಳೆಯ ಮೂರು ಅಂಚುಗಳ ಓರೆಯೂ ಒಂದೇ ಕಡೆ ಬರುತ್ತವೆ.

ಮೂಲೆಮಟ್ಟವನ್ನು ಉದ್ದನೆಯ ಅಂಚಿಗೆ ಒತ್ತಿ ಹಿಡಿದು, ಕಾಂಕ್ರೀಟ್ ಮೊಳೆಯ ಮೊನೆಯಿಂದ ಗೆರೆ ಎಳೆಯಿರಿ. ಸ್ಲೇಟಿನ ಮೇಲೆ ಮೊಳೆಯ ಗೀರು ಬೆಳ್ಳಗೆ ಎದ್ದು ಕಾಣುತ್ತದೆ, ಬಳಪದ ಗೆರೆಯಂತೆ ಅಳಿಸಿಹೋಗುವುದಿಲ್ಲ. ಮೊದಲು ಹಗುರವಾಗಿ ಒಂದು ಸಲ, ಆಮೇಲೆ ಅದೇ ಜಾಡಿನಲ್ಲಿ ಒತ್ತಿ ನಾಲ್ಕೈದು ಸಲ ಎಳೆದರೆ ಗೀರು ಆಳವಾಗಿ, ಮುಂದೆ ಒಡಕು ದಾರಿ ತಪ್ಪದಂತೆ ಹಿಡಿದಿಡುತ್ತದೆ.

ಕಡಿಯುವುದು

ಗೆರೆಯು ಕಬ್ಬಿಣದ ಪಟ್ಟಿಯ ಅಂಚಿಗೆ ಸರಿಯಾಗಿ ಹೊಂದುವಂತೆ ಸ್ಲೇಟನ್ನು ಇಡಿ. ಉಳಿಸಿಕೊಳ್ಳುವ ಭಾಗ ಮರದ ಮೇಲೆ ಪೂರ್ತಿ ಆತು ಕೂತಿರಬೇಕು; ಅಡಿಯಲ್ಲಿ ಒಂದು ಕಲ್ಲಿನ ಹರಳಿದ್ದರೂ ಸ್ಲೇಟು ಅಲ್ಲೇ ಸೀಳುತ್ತದೆ. ಎಡಗೈಯನ್ನು ಅಗಲವಾಗಿ ಚಾಚಿ ಒತ್ತಿ ಹಿಡಿಯಿರಿ. ಕತ್ತಿಯ ಹಿಡಿಯ ಕಡೆಯ ಅಲಗನ್ನು ಪಟ್ಟಿಗೆ ತಾಗಿದಂತೆ ಇಟ್ಟುಕೊಂಡು, ನಿಮ್ಮ ಕಡೆಯ ಅಂಚಿನಿಂದ ಶುರುಮಾಡಿ, ಮಣಿಕಟ್ಟಿನಿಂದಷ್ಟೇ ಸಣ್ಣ ಏಟು ಹಾಕಿ. ಒಂದೊಂದು ಏಟೂ ಹತ್ತು ಹದಿನೈದು ಮಿಲಿಮೀಟರಿನಷ್ಟು ಮಾತ್ರ ಕಚ್ಚಬೇಕು, ಹಿಂದಿನ ಏಟಿನ ಮೇಲೆ ತುಸು ಹಾಯಬೇಕು. ತೋಳೆತ್ತಿ ಸೌದೆ ಒಡೆದಂತೆ ಹೊಡೆದರೆ ಸ್ಲೇಟು ನಿಮ್ಮ ಗೆರೆ ಬಿಟ್ಟು ತನಗಿಷ್ಟ ಬಂದ ಕಡೆ ಒಡೆಯುತ್ತದೆ. ಸರಿಯಾದ ಏಟಿಗೆ ಒಣ ತೆಂಗಿನ ಚಿಪ್ಪು ಮುರಿದಂಥ ಚುಟುಕು ಸದ್ದು ಬರುತ್ತದೆ. ಆ ಸದ್ದು ಮಂದವಾದ ಕೂಡಲೇ ನಿಲ್ಲಿಸಿ, ಬಿರುಕು ಎತ್ತ ಹೊರಟಿದೆಯೆಂದು ನೋಡಿ.

ಇಲ್ಲಿ ಎಳೆಯ ಮಾತು ಬರುತ್ತದೆ. ಪದರಗಳಲ್ಲದೆ ಸ್ಲೇಟಿಗೆ ಮರದಂತೆ ಒಂದು ಎಳೆಯ ದಿಕ್ಕೂ ಇದೆ, ಗಣಿಯಲ್ಲಿ ಸ್ಲೇಟನ್ನು ಆ ಎಳೆ ಉದ್ದುದ್ದಕ್ಕೆ ಬರುವಂತೆಯೇ ಕಡಿದಿರುತ್ತಾರೆ. ಹಾಗಾಗಿ ಉದ್ದಕ್ಕೆ ಸೀಳುವುದು ಸಲೀಸು: ಎರಡೂ ಬದಿಗೆ ಗೀರು ಹಾಕಿ, ಮೇಜಿನ ಅಂಚಿಗೆ ಗೆರೆ ಹೊಂದಿಸಿ, ಎರಡೂ ಕೈಯಿಂದ ಸಮನಾಗಿ ಒತ್ತಿದರೆ ಹೆಚ್ಚಿನ ಸಲ ಲಟಕ್ಕೆಂದು ನೇರವಾಗಿ ಮುರಿಯುತ್ತದೆ. ನಾವು ಅಡ್ಡಕ್ಕೆ ಕಡಿಯುವಾಗ ಎಳೆ ನಮ್ಮ ವಿರುದ್ಧವಿರುತ್ತದೆ, ಒಡಕು ಉದ್ದಕ್ಕೆ ಓಡಲು ಸದಾ ಹವಣಿಸುತ್ತದೆ. ಅದಕ್ಕೇ ಸಣ್ಣ ಏಟು, ಅದಕ್ಕೇ ಆಳವಾದ ಗೀರು. ಕೊನೆಯ ಎರಡು ಅಂಗುಲ ಎಲ್ಲಕ್ಕಿಂತ ಅಪಾಯದ ಜಾಗ. ತೂಗುವ ತುಂಡು ತನ್ನ ಭಾರಕ್ಕೇ ಮುರಿದು ನಿಮ್ಮ ತುಂಡಿನ ಮೂಲೆಯನ್ನೂ ಕಿತ್ತುಕೊಂಡು ಹೋಗುತ್ತದೆ. ಅಲ್ಲಿಗೆ ಬಂದಾಗ ಸ್ಲೇಟನ್ನು ತಿರುಗಿಸಿ ಆ ಕಡೆಯ ಅಂಚಿನಿಂದ ಒಳಮುಖವಾಗಿ ಕಡಿದು ನಡುವೆ ಕೂಡಿಸಿದರೆ ಮೂಲೆ ಉಳಿಯುತ್ತದೆ.

ಸ್ಲೇಟ್ ಕಟರ್ ಬಳಸುವವರಿಗೂ ಇದೇ ನಿಯಮ. ಕೊಳ್ಳುವಾಗಲೇ ಒಂದು ಬೇಡದ ತುಂಡಿನ ಮೇಲೆ ಒತ್ತಿ ನೋಡಿ, ಚಕ್ಕೆ ಯಾವ ಬದಿಗೆ ಏಳುತ್ತದೆ ಎಂದು ತಿಳಿದುಕೊಂಡು, ಆ ಬದಿಗೆ ಮುಖ ಬರುವಂತೆ ಸ್ಲೇಟನ್ನು ಹಿಡಿಯಿರಿ.

ಕಚ್ಚು, ತೂತು, ಬಾಗು

ಪಾತಿಯ ಒಂದು ಮೂಲೆಯಲ್ಲಿ ಬೇಲಿಯ ಕಂಬ ಅಡ್ಡ ಬರುವುದುಂಟು. 100 ಮಿ.ಮೀ. ಕಂಬಕ್ಕೆ 105 ಮಿ.ಮೀ. ಕಚ್ಚು ಗುರುತಿಸಿ. ಒಳಮೂಲೆಯೆಂದರೆ ಸ್ಲೇಟಿಗೆ ಬಿರುಕಿನ ತವರು. ನೇರ ಎರಡು ಗೆರೆ ಕಡಿದು ಮೂಲೆಯಲ್ಲಿ ಕೂಡಿಸಲು ಹೋದರೆ ಒಡಕು ಅಲ್ಲಿಂದ ಮುಂದಕ್ಕೆ ಓಡಿಬಿಡುತ್ತದೆ. ಮೊದಲು ಒಳಮೂಲೆಗಳಲ್ಲಿ ತೂತು ಕೊರೆದು, ಆಮೇಲೆ ಹೊರ ಅಂಚಿನಿಂದ ಆ ತೂತಿನ ತನಕ ಕಡಿದರೆ ಬಿರುಕು ತೂತಿಗೆ ಬಂದು ನಿಲ್ಲುತ್ತದೆ. ತೂತು ಕೊರೆಯಲು ಡ್ರಿಲ್ಲಿನ ಹ್ಯಾಮರ್ ಗುಂಡಿಯನ್ನು ಬಂದ್ ಮಾಡಿ, 6 ಮಿ.ಮೀ. ಮ್ಯಾಸನ್ರಿ ಬಿಟ್ ಹಾಕಿ, ಅಡಿಗೆ ಬೇಡದ ಮರದ ಹಲಗೆ ಕೊಟ್ಟು, ಜಾಗವನ್ನು ಒದ್ದೆ ಮಾಡಿಕೊಂಡು ನಿಧಾನವಾಗಿ ಕೊರೆಯಿರಿ. ಬಾಗಿದ ಆಕಾರ ಬೇಕಿದ್ದರೆ ಗೆರೆಯ ಹೊರಗೆ ಮೊದಲು ಮೂಲೆಗಳನ್ನು ನೇರವಾಗಿ ಕಳೆದು, ಉಳಿದದ್ದನ್ನು ಕಟರ್‌ನಿಂದ ಐದೈದು ಮಿಲಿಮೀಟರ್ ಕಚ್ಚುತ್ತ ಬನ್ನಿ.

ಅಂಚು ಸವರಿ, ನಿಲ್ಲಿಸುವುದು

ಕಡಿದ ಅಂಚನ್ನು ಹಾಗೆಯೇ ಬಿಟ್ಟರೆ ಕಳೆ ಕೀಳುವಾಗ ಕೈ ಕೊಯ್ಯುತ್ತದೆ. ಸಾಣೆಕಲ್ಲನ್ನು ನೀರಿನಲ್ಲಿ ಅದ್ದಿ ಬೆನ್ನಿನ ಚೂಪು ಅಂಚಿಗೆ ಮೂರು ನಾಲ್ಕು ಸಲ ಉಜ್ಜಿದರೆ ಸಾಕು. ಒಣ ಉಜ್ಜುವಿಕೆ ಬೇಡ, ಕಾರಣ ಮೇಲೆ ಹೇಳಿದ್ದೇ.

ಪಾತಿಯ ಸುತ್ತ ಸನಿಕೆಯ ಅಗಲದ, 120 ಮಿ.ಮೀ. ಆಳದ ಕಾಲುವೆ ತೋಡಿ, ಹೊರಗಡೆಗೊಂದು ದಾರ ಕಟ್ಟಿ. ಪಾತಿ ಮನೆಯ ಗೋಡೆಗೆ ತಾಗದಂತೆ ನೋಡಿಕೊಳ್ಳಿ, ಗೋಡೆಗೆ ಮಣ್ಣು ಏರಿಸಿದರೆ ತೇವ ಒಳಕ್ಕೆ ಬರುತ್ತದೆ. ಸ್ಲೇಟುಗಳನ್ನು ನಿಲ್ಲಿಸುವ ಮೊದಲು ನೆಲದ ಮೇಲೆ ಸಾಲಾಗಿ ಹರಡಿ ನೋಡುವುದು ಒಳ್ಳೆಯದು. ಛಾವಣಿಯಲ್ಲಿ ಮಳೆಗೆ ತೆರೆದಿದ್ದ ಕೆಳತುಂಡುಗಳು ಮಾಸಿ ಕಲ್ಲುಹೂವಿನ ಕಲೆ ಹೊತ್ತಿರುತ್ತವೆ, ಇನ್ನೊಂದರ ಅಡಿಯಲ್ಲಿ ಮುಚ್ಚಿಕೊಂಡಿದ್ದ ಮೇಲ್ತುಂಡುಗಳು ನಿನ್ನೆ ಗಣಿಯಿಂದ ಬಂದಂತೆ ನೀಲಿಯಾಗಿರುತ್ತವೆ. ನಾನು ಎರಡನ್ನೂ ಒಂದು ಬಿಟ್ಟು ಒಂದರಂತೆ ಜೋಡಿಸಿದೆ; ನಿಮಗೆ ಬೇರೆ ಸೊಗಸು ಕಾಣಬಹುದು. ಮುಖ ಹೊರಗೆ ಬರುವಂತೆ, ಪಾತಿಯ ಒಳಕ್ಕೆ ತುಸುವೇ ವಾಲಿದಂತೆ ನಿಲ್ಲಿಸಿ, ಎರಡೂ ಕಡೆ ಮರಳು ಬೆರೆತ ಮಣ್ಣು ತುಂಬಿ, ಸುತ್ತಿಗೆಯಿಂದಲ್ಲ, ಮರದ ತುಂಡಿನಿಂದ ಮಣ್ಣನ್ನು ಮಾತ್ರ ದಮ್ಮಸ್ಸು ಮಾಡಿ. ಸ್ಲೇಟಿನ ತಲೆಗೆ ಬಡಿದು ಇಳಿಸುವ ಆಸೆ ಬೇಡವೇ ಬೇಡ. ತಗ್ಗಿಸಬೇಕಿದ್ದರೆ ಎತ್ತಿ, ಕಾಲುವೆ ಆಳ ಮಾಡಿ, ಮತ್ತೆ ಇಡಿ.

ಭಾರತದಲ್ಲಿ ಇದನ್ನು ಮಾಡುವವರಿಗೆ ಒಂದು ಮಾತು. ಗೋಡೆಗೆ ಅಂಟಿಸಲು ಮಾರುವ ನಿಜವಾದ ಸ್ಲೇಟು ಸಿಕ್ಕರೆ ಈ ವಿಧಾನವೇ ನಡೆಯುತ್ತದೆ. ಕಡಪ ಕಲ್ಲು ಮತ್ತು ಶಹಾಬಾದ್ ಕಲ್ಲು ಸ್ಲೇಟಲ್ಲ, ಸುಣ್ಣಕಲ್ಲು. ಚಪ್ಪಡಿಯಾಗಿ ಸಿಕ್ಕರೂ ಅವು ದಪ್ಪ, ಅವನ್ನು ಕತ್ತಿಯಿಂದ ಹೀಗೆ ಕಚ್ಚಿ ಕಡಿಯಲಾಗದು. ಅಂಗಡಿಯಲ್ಲೇ ನೀರು ಹಾಯುವ ಯಂತ್ರದಲ್ಲಿ ಅಳತೆಗೆ ಕೊಯ್ಯಿಸಿಕೊಳ್ಳುವುದು ಮೇಲು.

ಉಳಿದ ಚೂರುಗಳನ್ನು ಎಸೆಯಬೇಡಿ. ದೊಡ್ಡ ಚಕ್ಕೆಗಳನ್ನು ಕುಂಡದ ತಳದ ತೂತಿನ ಮೇಲೆ ಹಾಕಬಹುದು. ಎರಡು ಬೆರಳಗಲದ ಉದ್ದ ಪಟ್ಟಿಗಳ ಮೇಲೆ ಅದೇ ಕಾಂಕ್ರೀಟ್ ಮೊಳೆಯಿಂದ ‘ಮೆಂತ್ಯ’, ‘ಕೊತ್ತಂಬರಿ’ ಎಂದು ಕೆತ್ತಿ ಸಾಲಿನ ತಲೆಯಲ್ಲಿ ಚುಚ್ಚಿದರೆ, ಮಳೆಗೂ ಅಳಿಯದ ಹೆಸರಿನ ಹಲಗೆ ಸಿದ್ಧ. ಮೊದಲ ಚಳಿಗಾಲ ಕಳೆದು ಮಣ್ಣು ಸಡಿಲವಾದಾಗ ಒಂದು ಸುತ್ತು ಹಾಕಿ, ವಾಲಿದ ಸ್ಲೇಟಿನ ಬುಡಕ್ಕೆ ಮಣ್ಣು ತುಂಬಿ ಒತ್ತಿರಿ.